ಪರೀಕ್ಷೆ ವಾರದ ಸೊಪ್ಪು

ಅಜ್ಜಿಯ ಕೈಯಿಂದ ಸೌಟು ಹೋದದ್ದು ಮೇಷ್ಟ್ರು ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ದಿನ. ಯಾರೂ ಕಿತ್ತುಕೊಂಡದ್ದಲ್ಲ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಬರುವಷ್ಟರಲ್ಲಿ ಸೊಸೆ ಒಲೆಯ ಮುಂದೆ ನಿಂತಿದ್ದಳು, ಅಷ್ಟೆ. ನಲವತ್ತೆರಡು ವರ್ಷದಲ್ಲಿ ಆ ಒಲೆಯ ಮುಂದೆ ಬೇರೆಯವರು ನಿಂತದ್ದನ್ನು ಅಜ್ಜಿ ಕಂಡವಳಲ್ಲ.

"ನೀವು ಕೂತ್ಕೊಳ್ಳಿ ಅತ್ತೆ. ಇನ್ಮೇಲೆ ಮಾವನ ಊಟ ನಾನು ನೋಡ್ಕೋತೀನಿ."

"ಯಾಕೆ, ನನ್ನ ಕೈಗೇನಾಗಿದೆ?"

"ಕೈಗೇನೂ ಆಗಿಲ್ಲ. ಹಾರ್ಟ್ ಆಪರೇಷನ್ ಆದವರ ಊಟ ಬೇರೆ ಥರ ಇರ್ಬೇಕು."

ಮೇಷ್ಟ್ರು ಎಂದರೆ ಅಜ್ಜಿಯ ಗಂಡ. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಮಾರುಕಟ್ಟೆಯ ತಕ್ಕಡಿಗಳನ್ನು ರಿಪೇರಿ ಮಾಡುವವರು. ತೂಕ ತಪ್ಪುವ ತಕ್ಕಡಿಯ ಕಿವಿ ಹಿಂಡಿ ಸರಿದಾರಿಗೆ ತರುತ್ತಾರೆಂದು ಅಂಗಡಿಯವರೇ ಇಟ್ಟ ಹೆಸರು ಅದು. ಅಜ್ಜಿಯೂ ಅಷ್ಟೇನೂ ಮುದುಕಿಯಲ್ಲ. ಮೊಮ್ಮಗಳು ಗಿಣಿಗೆ ಮಾತು ಬಂದದ್ದೇ ತಡ, ಹಾಲಿನವನಿಂದ ಹಿಡಿದು ಗ್ಯಾಸಿನವನವರೆಗೆ ಇಡೀ ಬೀದಿ ಅವಳನ್ನು ಅಜ್ಜಿ ಎನ್ನತೊಡಗಿತು. ಗಿಣಿಗೆ ಒಂಬತ್ತು ವರ್ಷ. ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ, ಹಾಗಾಗಿ ಆ ಹೆಸರು.

ಮೇಷ್ಟ್ರ ಹೃದಯದಲ್ಲಿ ಒಂದು ಕವಾಟ ಪೂರ್ತಿ ಕೆಟ್ಟು, ಅದನ್ನು ತೆಗೆದು ಲೋಹದ್ದೊಂದನ್ನು ಕೂರಿಸಿದ್ದರು. ಪಕ್ಕದಲ್ಲಿ ಕೂತು ಕಿವಿಗೊಟ್ಟರೆ ಟಿಕ್ ಟಿಕ್ ಎಂದು ಕೇಳುತ್ತಿತ್ತು. "ತಾತ ಗಡಿಯಾರ ನುಂಗಿದ್ದಾರೆ" ಎಂದು ಗಿಣಿ ಬೀದಿಯಲ್ಲೆಲ್ಲ ಸಾರಿ ಬಂದಿದ್ದಳು. ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಾರದು, ಅದಕ್ಕೆ ದಿನವೂ ಸಂಜೆ ರಕ್ತ ತೆಳ್ಳಗಾಗುವ ಮಾತ್ರೆ. ಎರಡು ವಾರಕ್ಕೊಮ್ಮೆ, ಬುಧವಾರ, ರಕ್ತದ ಪರೀಕ್ಷೆ. ಅದರಲ್ಲಿ ಒಂದು ನಂಬರು ಬರುತ್ತದೆ. ಅದು ಎರಡೂವರೆಯಿಂದ ಮೂರೂವರೆಯ ಒಳಗಿರಬೇಕು. ಮೇಲೆ ಹೋದರೆ ಎಲ್ಲಿಂದಾದರೂ ರಕ್ತ ಸೋರಬಹುದು. ಕೆಳಗೆ ಬಂದರೆ ಕವಾಟದ ಮೇಲೆ ರಕ್ತ ಗಟ್ಟಿಯಾಗಿ, ಒಂದು ಚೂರು ಮೆದುಳಿಗೆ ಹೋದರೆ ಮನುಷ್ಯನೇ ಇಲ್ಲ. ಮಗ ಇದನ್ನು ಊಟದ ಮೇಜಿನ ಮುಂದೆ ಎಲ್ಲರಿಗೂ ಬಿಡಿಸಿ ಹೇಳಿದ್ದ. ಅವನು ಲಿಫ್ಟ್ ಮೆಕ್ಯಾನಿಕ್; ಮೇಲೆ ಹೋಗುವುದು, ಕೆಳಗೆ ಬರುವುದು ಅವನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಮೂರನೆಯ ದಿನ ಅಜ್ಜಿಗೆ ತಡೆಯಲಾಗಲಿಲ್ಲ. ಸೊಸೆ ಸ್ನಾನಕ್ಕೆ ಹೋದಾಗ ಬಾಣಲೆಗೆ ಧಾರಾಳವಾಗಿ ಎಣ್ಣೆ ಬಿಟ್ಟು, ಗಂಡನಿಗೆ ಇಷ್ಟವೆಂದು ಆಲೂಗಡ್ಡೆ ಹುರಿಯಲು ನಿಂತಳು. ವಾಸನೆ ಬಚ್ಚಲಿಗೇ ಹೋಯಿತೋ ಏನೋ, ಸೊಸೆ ಒದ್ದೆ ತಲೆಯಲ್ಲೇ ಬಂದಳು.

"ಅತ್ತೆ! ಏನ್ ಮಾಡ್ತಿದ್ದೀರಾ?"

"ಕಣ್ಣು ಕಾಣಲ್ವಾ? ಬಾಯಿಗೆ ರುಚಿ ಇಲ್ಲ ಅಂತ ಪಾಪ ನಿನ್ನೆಯಿಂದ ಅರ್ಧ ಹೊಟ್ಟೇಲಿ ಏಳ್ತಿದ್ದಾರೆ."

"ಇಷ್ಟು ವರ್ಷ ಹೀಗೇ ಎಣ್ಣೇಲಿ ಮುಳುಗಿಸಿ ಮುಳುಗಿಸಿ ಬಡಿಸಿದ್ದಕ್ಕೇ ಅಲ್ವಾ ಮಾವನ ಎದೆ ಸೀಳಬೇಕಾಗಿ ಬಂದಿದ್ದು!"

ಯಾವ ಮಾತಿಗೂ ಎರಡು ಮಾತು ಸೇರಿಸಿ ಹಿಂದಿರುಗಿಸುತ್ತಿದ್ದ ಅಜ್ಜಿ ಅವತ್ತು ತುಟಿಪಿಟಕ್ಕೆನ್ನಲಿಲ್ಲ. ಒಲೆ ಆರಿಸಿದಳು, ಬಾಣಲೆ ಇಳಿಸಿದಳು, ಹಿತ್ತಲಿಗೆ ಹೋಗಿ ಒಣಗದ ಬಟ್ಟೆಯನ್ನೆಲ್ಲ ತೆಗೆದು ಮಡಿಸಿದಳು. ಆ ಮಾತು ಅವಳೊಳಗೆ ಮುರಿದ ಮುಳ್ಳಿನ ಹಾಗೆ ಉಳಿಯಿತು. ಏಕೆಂದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಆಪರೇಷನ್ ಕೋಣೆಗೆ ಬೆನ್ನು ತಿರುಗಿಸಿ ಕೂತಿದ್ದ ಆರು ಗಂಟೆಯೂ ಅವಳು ತನ್ನನ್ನು ತಾನು ಅದನ್ನೇ ಕೇಳಿಕೊಂಡಿದ್ದಳು.

ಸೊಸೆ ಕೆಟ್ಟವಳಲ್ಲ. ನಾಲಿಗೆ ಸ್ವಲ್ಪ ಮುಂದೆ, ತಲೆ ಸ್ವಲ್ಪ ಹಿಂದೆ, ಅಷ್ಟೆ. ಬಣ್ಣದ ಅಂಗಡಿಯಲ್ಲಿ ಅವಳಿಗೆ ಕೆಲಸ. ಗಿರಾಕಿ ತಂದ ಗೋಡೆಯ ಚೂರು ನೋಡಿ ಅದೇ ಬಣ್ಣ ಬೆರೆಸಿಕೊಡುವುದರಲ್ಲಿ ನಿಸ್ಸೀಮಳು. ಅಂಗಡಿಯ ಹಳೆಯ ಬಣ್ಣದ ಕಾರ್ಡುಗಳನ್ನು ಕತ್ತರಿಸಿ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಕೆಂಪಿಗೆ ಟೊಮೆಟೊ, ಬೀಟ್‌ರೂಟ್. ನೇರಳೆಗೆ ಬದನೆ, ದ್ರಾಕ್ಷಿ. ಕಿತ್ತಳೆಗೆ ಕ್ಯಾರೆಟ್. ಹಸಿರಿಗೆ ಸೊಪ್ಪು, ಸೊಪ್ಪು, ಮತ್ತೆ ಸೊಪ್ಪು.

"ಗಿಡದಲ್ಲಿ ಬಣ್ಣ ಕೊಡೋ ಅಂಶಗಳಿರ್ತಾವಲ್ಲ ಮಾವ, ಅವೇ ರಕ್ತನಾಳ ಕಾಯೋದು. ಸೊಪ್ಪು ತಿಂದ್ರೆ ನಾಳ ಸಡಿಲ ಆಗಿ ರಕ್ತ ಸಲೀಸಾಗಿ ಓಡುತ್ತಂತೆ. ಫೋನಲ್ಲಿ ಎಲ್ಲಾ ಡಾಕ್ಟರ್‌ಗಳೂ ಅದನ್ನೇ ಹೇಳ್ತಾರೆ."

ಮೇಷ್ಟ್ರು ತಟ್ಟೆಯನ್ನೇ ನೋಡಿದರು. "ನಿಮ್ಮ ಅಂಗಡೀಲಿ ಗೋಡೆಗೆ ಎರಡು ಕೋಟ್ ಹೊಡಿ ಅಂತಾರೆ. ನನ್ನ ಹೊಟ್ಟೆಗೆ ಎಷ್ಟು ಕೋಟಮ್ಮ?"

"ತಾತ ಒಳಗಿಂದ ಹಸಿರಾಗ್ತಾರೆ!" ಎಂದು ಗಿಣಿ ಕುಣಿದಳು.

ಸೊಪ್ಪಿಗೇನೂ ಬರವಿರಲಿಲ್ಲ. ಮೇಷ್ಟ್ರು ಬದುಕಿ ಬಂದರೆಂದು ಸಂತೋಷವಾಗಿ ಮಾರುಕಟ್ಟೆಯ ಸೊಪ್ಪಿನವಳು ದಿನಕ್ಕೊಂದಿಷ್ಟು ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದಳು. ವ್ಯಾಪಾರ ಚೆನ್ನಾಗಿದ್ದ ದಿನ ಒಂದು ಕಟ್ಟು, ಉಳಿದ ದಿನ ಮೂರು. ಬಂದಷ್ಟನ್ನೂ ಸೊಸೆ ಬೇಯಿಸಿದಳು, ಸೂಪು ಮಾಡಿದಳು, ರಸ ಹಿಂಡಿದಳು.

ಮೊದಲ ಬುಧವಾರ ನಂಬರು ಒಂದು ಪಾಯಿಂಟ್ ಎಂಟು ಬಂತು. ಮಗ ಅಪ್ಪನನ್ನು ಕರೆದುಕೊಂಡು ಹೋಗಿದ್ದ. ಬಂದವನು ಚಪ್ಪಲಿ ಬಿಡುತ್ತಲೇ ಹೇಳಿದ:

"ಡಾಕ್ಟರಮ್ಮ ಮಾತ್ರೆ ಜಾಸ್ತಿ ಮಾಡಿದ್ದಾರೆ. ಸೊಪ್ಪಿನಲ್ಲಿ ರಕ್ತ ಗಟ್ಟಿ ಮಾಡೋ ಅಂಶ ಇದೆಯಂತೆ, ಜಾಸ್ತಿಯಾದ್ರೆ ನಂಬರ್ ಇಳಿಯುತ್ತಂತೆ. ಹಾಗಂತ ಸೊಪ್ಪು ನಿಲ್ಲಿಸಬೇಡಿ, ಒಳ್ಳೇದು ಅಂದ್ರು. ದಿನಾ ಒಂದೇ ಅಳತೆ ಇರ್ಲಿ ಅಂತಾನೂ ಏನೋ ಅಂದ್ರು. ಅಷ್ಟರಲ್ಲಿ ಎಲ್ಲೋ ಲಿಫ್ಟ್ ನಿಂತಿದೆ ಅಂತ ಫೋನ್ ಬಂತು ನಂಗೆ."

ಸೊಪ್ಪಿನ ಬಗ್ಗೆ ಅವನು ಹೇಳಿದ ಮೂರು ಮಾತಿನಲ್ಲಿ ಮೊದಲನೆಯದನ್ನು ಅಜ್ಜಿ ಎತ್ತಿಕೊಂಡಳು. ಎರಡನೆಯದನ್ನು ಸೊಸೆ ಎತ್ತಿಕೊಂಡಳು. ಮೂರನೆಯದು ಯಾರಿಗೂ ಬೇಡವಾಗಿ ಮಗನ ಚಪ್ಪಲಿಯ ಪಕ್ಕದಲ್ಲೇ ಉಳಿಯಿತು.

"ನೋಡಿದ್ಯಾ? ನಿನ್ನ ಸೊಪ್ಪು ಏನು ಮಾಡ್ತು ಅಂತ!"

"ನಿಲ್ಲಿಸಬೇಡಿ ಅಂದಿದ್ದು ಕೇಳಿಸ್ಲಿಲ್ವಾ ಅತ್ತೆ? ಒಳ್ಳೇದು ಅಂದಿದ್ದಾರೆ. ಮಾತ್ರೆ ಜಾಸ್ತಿ ಮಾಡಿದ್ದಾರಲ್ಲ, ಸರಿ ಹೋಗುತ್ತೆ."

ಆ ವಾರ ಗಿಣಿಗೆ ಶಾಲೆಯ ಪರೀಕ್ಷೆ. ಹಿಂದಿನ ದಿನದವರೆಗೆ ಪುಸ್ತಕ ಮುಟ್ಟದವಳು ಅವತ್ತು ಬೆಳಗಿನಿಂದ ಅಜ್ಜಿಯ ಎದುರು ಕೂತು ಮಗ್ಗಿ ಉರು ಹೊಡೆಯುತ್ತಿದ್ದಳು.

"ಮೊದಲೇ ಓದೋಕೆ ಏನಾಗಿತ್ತೇ ನಿಂಗೆ?"

"ಪರೀಕ್ಷೆ ದಿನ ನೆನಪಿದ್ರೆ ಸಾಕು ಅಜ್ಜಿ. ಆಮೇಲೆ ಮರೆತ್ರೂ ಯಾರೂ ಕೇಳಲ್ಲ."

ಅಜ್ಜಿ ಬಟಾಣಿ ಬಿಡಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ರಕ್ತಪರೀಕ್ಷೆಯ ಎರಡನೆಯ ಬುಧವಾರಕ್ಕೆ ಐದು ದಿನ ಇರುವಾಗ ಅವಳು ಗಂಡನನ್ನು ಪರೀಕ್ಷೆಗೆ ತಯಾರು ಮಾಡಲು ಶುರು ಮಾಡಿದಳು.

ಕೆಲಸ ನೀರು ಕುಡಿದಷ್ಟು ಸುಲಭವಾಗಿತ್ತು. ಸೊಸೆ ಬೆಳಿಗ್ಗೆಯೇ ಅಡುಗೆ ಮಾಡಿ ಡಬ್ಬಿಗಳಲ್ಲಿಟ್ಟು ಅಂಗಡಿಗೆ ಹೋದರೆ ಬರುವುದು ಏಳೂವರೆಗೆ. ಮಧ್ಯಾಹ್ನ ಹಸಿರು ಡಬ್ಬಿ ತೆರೆದು, ಒಳಗಿನದನ್ನೆಲ್ಲ ಅಜ್ಜಿ ತಾನೇ ತಿನ್ನುತ್ತಿದ್ದಳು. ಅನ್ನ ಚೆಲ್ಲುವ ಜಾತಿಯಲ್ಲ ಅವಳದು. ಮೇಷ್ಟ್ರಿಗೆ ಬೇಳೆ, ಅನ್ನ, ಮೇಲೊಂದು ಕರಿದ ಮೊಟ್ಟೆ. ಸಂಜೆ ಆರಕ್ಕೇ ಊಟ ಮುಗಿಸಿಬಿಡುತ್ತಿದ್ದಳು. ಸೊಸೆ ಬಂದು ಕೇಳಿದರೆ, "ಹಸಿವು ಅಂದ್ರು, ಬಡಿಸ್ದೆ."

"ಇದು ಮೋಸ ಅಲ್ವೇನೇ?" ಎಂದು ಮೇಷ್ಟ್ರು ಮೊದಲ ದಿನ ಕೇಳಿದರು. ಕೇಳುವಾಗ ಮೊಟ್ಟೆಯ ಹಳದಿಯನ್ನು ಅನ್ನಕ್ಕೆ ಕಲಸುತ್ತಿದ್ದರು.

"ನಿಮಗೆ ಪಾಸಾಗ್ಬೇಕೋ ಬೇಡ್ವೋ?"

"ಪಾಸಾಗ್ಬೇಕು."

"ಹಾಗಾದ್ರೆ ಬಾಯಿ ಮುಚ್ಕೊಂಡು ತಿನ್ನಿ."

ನಂಬರು ಮೂರು ಬಂತು. ಮನೆಯಲ್ಲಿ ಸಂಭ್ರಮ. ತಾನು ಗೆದ್ದೆನೆಂದು ಅಜ್ಜಿ ಒಳಗೊಳಗೇ ಹಿಗ್ಗಿದಳು. ತನ್ನ ಬಣ್ಣದ ಪಟ್ಟಿ ಗೆದ್ದಿತೆಂದು ಸೊಸೆ ಹೊರಗೇ ಹಿಗ್ಗಿದಳು.

"ನೋಡಿ ಅತ್ತೆ, ಸೊಪ್ಪು ತಿಂದೂ ಮೂರು ಬಂದಿದೆ. ಇನ್ನು ಧೈರ್ಯವಾಗಿ ಜಾಸ್ತಿ ಹಾಕಬಹುದು."

"ಹಾಕಮ್ಮ ಹಾಕು" ಎಂದಳು ಅಜ್ಜಿ. ಮುಂದಿನ ಪರೀಕ್ಷೆಗೆ ಇನ್ನೂ ದಿನವಿದೆ, ಅಷ್ಟರವರೆಗೆ ಏನಾದರೂ ತಿನ್ನಲಿ ಎಂಬುದು ಅವಳ ಲೆಕ್ಕಾಚಾರ. ಒಂಬತ್ತು ದಿನ ಸೊಪ್ಪಿನ ಜಾತ್ರೆ, ಐದು ದಿನ ಮೊಟ್ಟೆಯ ವ್ರತ. ಮೂರನೆಯ ಬುಧವಾರವೂ ಪಾಸು, ಮೂರು ಪಾಯಿಂಟ್ ಒಂದು. ಡಾಕ್ಟರಮ್ಮ ಮಾತ್ರೆ ಇದ್ದಷ್ಟೇ ಇರಲಿ ಎಂದರು. ನಿಜವಾಗಿ ಗೆದ್ದವರು ಯಾರೆಂದು ಕೇಳಿದರೆ ಆ ಮನೆಯಲ್ಲಿ ಇಬ್ಬರು ಕೈಯೆತ್ತುತ್ತಿದ್ದರು, ಆಪತ್ತು ಮಾತ್ರ ಕೈ ಕಟ್ಟಿಕೊಂಡು ಮೂಲೆಯಲ್ಲಿ ನಿಂತಿತ್ತು.

ಅದು ಮುಂದೆ ಬಂದದ್ದು ಮರು ಮಂಗಳವಾರ ಬೆಳಿಗ್ಗೆ, ಪರೀಕ್ಷೆ ಮುಗಿದ ಆರನೆಯ ದಿನ. ಮೇಷ್ಟ್ರು ಮೇಜಿನ ಮುಂದೆ ಕೂತು ಹಣ್ಣಿನಂಗಡಿಯ ತಕ್ಕಡಿಯೊಂದನ್ನು ನೋಡುತ್ತಿದ್ದರು. ಭಾರ ಎತ್ತಬಾರದೆಂದಿದ್ದರಿಂದ ಸಣ್ಣ ಕೆಲಸಗಳನ್ನಷ್ಟೇ ಮಾಡುತ್ತಿದ್ದರು. ಠಣ್ಣೆಂದು ಸದ್ದಾಯಿತು. ನೂರು ಗ್ರಾಮಿನ ತೂಕದ ಬಟ್ಟು ನೆಲಕ್ಕೆ ಬಿದ್ದು ಉರುಳಿತು. ಕೈತಪ್ಪಿ ಏನನ್ನೂ ಬೀಳಿಸದ ಮನುಷ್ಯ. ಅಜ್ಜಿ ಬಂದು ನೋಡಿದರೆ, ಮೇಷ್ಟ್ರು ತಮ್ಮ ಬಲಗೈಯನ್ನು ಯಾರದೋ ವಸ್ತು ಎಂಬಂತೆ ನೋಡುತ್ತಿದ್ದರು.

"ಏನ್ರೀ? ಏನಾಯ್ತು?"

ಅವರು ಏನೋ ಹೇಳಿದರು. ಮಾತು ಬಾಯೊಳಗೇ ಉರುಳಿ ಹೊರಗೆ ಬರುವಷ್ಟರಲ್ಲಿ ಮುದ್ದೆಯಾಗಿತ್ತು. ಅಜ್ಜಿ ಬಾಗಿಲಿಗೆ ಓಡಿದಳು. ಅವಳ ಕೂಗಿಗೆ ಪಕ್ಕದ ಮನೆಯವರು ಬಂದರು, ಮಗ ಅರ್ಧ ಬಿಚ್ಚಿದ ಲಿಫ್ಟನ್ನು ಹಾಗೇ ಬಿಟ್ಟು ಓಡಿ ಬಂದ, ಸೊಸೆ ಕೈಯಲ್ಲಿ ನೀಲಿ ಬಣ್ಣದ ಕಲೆಯಿರುವಾಗಲೇ ಆಸ್ಪತ್ರೆಗೆ ಬಂದಳು.

ಅಷ್ಟರಲ್ಲಿ ಕೈಗೆ ಶಕ್ತಿ ತಿರುಗಿ ಬಂದಿತ್ತು, ಮಾತೂ ಬಂದಿತ್ತು. ಒಟ್ಟು ಇಪ್ಪತ್ತು ನಿಮಿಷವಿದ್ದಿರಬಹುದು. ತಲೆಯ ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು. ನಂಬರು ಒಂದು ಪಾಯಿಂಟ್ ಆರು.

ಡಾಕ್ಟರಮ್ಮ ಮಂಚದ ಪಕ್ಕ ನಿಂತು ಕಾಗದವನ್ನು ಎರಡು ಸಲ ಓದಿದರು. ಅವರು ಸಿಟ್ಟಾಗುವವರಲ್ಲ, ಸಿಟ್ಟು ಬಂದಾಗ ಕನ್ನಡಕ ಒರೆಸಿಕೊಳ್ಳುವವರು. ಈಗ ಒರೆಸಿಕೊಳ್ಳುತ್ತಿದ್ದರು.

"ಹೋದ ಬುಧವಾರ ಮೂರು ಪಾಯಿಂಟ್ ಒಂದು. ಇವತ್ತು ಒಂದು ಪಾಯಿಂಟ್ ಆರು. ಸುಮ್ಸುಮ್ಮನೆ ಹೀಗಾಗಲ್ಲ. ಮಾತ್ರೆ ತಪ್ಪಿಸಿದ್ದೀರಾ?"

ಮಗ ಅಪ್ಪನ ಕಡೆ ತಿರುಗಿದ. "ಅಪ್ಪಾ, ನಿಜ ಹೇಳು. ಮಾತ್ರೆ ಎಲ್ಲಾದ್ರೂ ಬಿಸಾಕ್ತಿದ್ದೀಯಾ?"

ಸೊಸೆ ಅತ್ತೆಯ ಕಡೆ ತಿರುಗಿದಳು. "ಸಂಜೆ ಮಾತ್ರೆ ಕೊಡೋದು ನೀವಲ್ವಾ ಅತ್ತೆ?"

ಅಜ್ಜಿ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಮೇಲಿನ ದೀಪವನ್ನು ನೋಡುತ್ತ ಹೇಳಿಬಿಟ್ಟರು: "ನಾನೇ ಮರೆತೆ ಡಾಕ್ಟರೇ. ಮೂರು ದಿನ ತಗೊಳ್ಳಲಿಲ್ಲ. ಇವಳು ಕೊಟ್ಟಿದ್ಳು, ನಾನು ಜೇಬಲ್ಲಿಟ್ಕೊಂಡು ಮರೆತೆ."

ಎಷ್ಟು ಸಲೀಸಾದ ಸುಳ್ಳು! ಬೇರೆಯವರ ತೂಕದಲ್ಲಿ ಒಂದು ಗ್ರಾಮಿನ ಸುಳ್ಳನ್ನೂ ಸಹಿಸದ ಮನುಷ್ಯ ಹೆಂಡತಿಯ ಮಾನ ಉಳಿಸಲು ತನ್ನ ಜೀವವನ್ನೇ ಅಡವಿಟ್ಟು ಮಲಗಿದ್ದರು. ಡಾಕ್ಟರಮ್ಮ "ಹಾಗಿದ್ರೆ ಮಾತ್ರೆ ಅಳತೆ ಸರಿಯಾಗೇ ಇದೆ, ಬದಲಾಯಿಸೋದು ಬೇಡ" ಎಂದು ಬರೆಯಲು ಪೆನ್ನು ತೆಗೆದರು.

"ಬರೀಬೇಡಿ" ಎಂದಳು ಅಜ್ಜಿ.

ಎಲ್ಲರೂ ಅವಳನ್ನು ನೋಡಿದರು.

"ಅವರು ಒಂದು ದಿನಾನೂ ಮಾತ್ರೆ ಬಿಟ್ಟಿಲ್ಲ. ಸುಳ್ಳು ಹೇಳ್ತಿದ್ದಾರೆ. ನಾನೇ... ಪರೀಕ್ಷೆಗೆ ಐದು ದಿನ ಇರುವಾಗ ಸೊಪ್ಪು ನಿಲ್ಲಿಸ್ತಿದ್ದೆ. ನಂಬರ್ ಚೆನ್ನಾಗಿ ಬರ್ಲಿ ಅಂತ. ಪರೀಕ್ಷೆ ಮುಗಿದ ಮೇಲೆ ಮತ್ತೆ ಸೊಪ್ಪು. ಎರಡು ಸಲ ಹೀಗೇ ಮಾಡಿದ್ದೀನಿ."

ಡಾಕ್ಟರಮ್ಮ ಕನ್ನಡಕ ಹಾಕಿಕೊಂಡರು.

"ಅಮ್ಮ, ನಾನು ನೋಡಿದ್ದು ಐದು ದಿನದ ಮನುಷ್ಯನನ್ನ. ಉಳಿದ ಒಂಬತ್ತು ದಿನದ ಮನುಷ್ಯನನ್ನ ನಂಗೆ ಯಾರೂ ತೋರಿಸಲೇ ಇಲ್ಲ. ಅವರಿಗೆ ಸಾಕಾಗದ ಮಾತ್ರೆ ಕೊಟ್ಟು ಕಳಿಸ್ತಿದ್ದೆ ನಾನು." ಆಮೇಲೆ ಏನೋ ಹೊಳೆದು ಕೇಳಿದರು, "ಅಷ್ಟೂ ದಿನದ ಸೊಪ್ಪು ಏನ್ ಮಾಡಿದ್ರಿ?"

"ನಾನೇ ತಿಂದೆ."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಆದರೆ ಸೊಸೆಯ ಕಡೆ ತಿರುಗುವಾಗ ನಗು ಇರಲಿಲ್ಲ. "ನೀವು ದಿನಕ್ಕೆ ಎಷ್ಟು ಹಾಕ್ತಿದ್ರಿ?"

"ಅದು... ಒಂದು ಕಟ್ಟು. ಕೆಲವು ದಿನ ಮೂರು. ರಸ ಬೇರೆ. ನಂಬರ್ ಚೆನ್ನಾಗಿ ಬಂತಲ್ಲ ಅಂತ ಆಮೇಲೆ ಇನ್ನೂ ಸ್ವಲ್ಪ..." ಸೊಸೆಯ ದನಿ ಸಣ್ಣಗಾಯಿತು.

"ನಿಲ್ಲಿಸೋದೂ ಬೇಡ, ಸುರಿಯೋದೂ ಬೇಡ. ಸೊಪ್ಪು, ಹಣ್ಣು, ತರಕಾರಿ ಎಲ್ಲಾ ಅವರ ನಾಳಗಳಿಗೆ ಒಳ್ಳೇದೇ. ಒಂದೇ ಅಳತೇಲಿ ದಿನಾ ಕೊಡಿ. ಆ ಅಳತೆಗೆ ತಕ್ಕ ಮಾತ್ರೆ ನಾನು ಹೊಂದಿಸ್ತೀನಿ. ಇವತ್ತು ಬಂದಿದ್ದು ಸಣ್ಣ ಚೂರು, ತಾನಾಗೇ ಕರಗಿ ಹೋಯ್ತು. ಮುಂದಿನದು ಹೀಗೇ ಬಿಟ್ಟು ಹೋಗುತ್ತೆ ಅಂತ ನಾನು ಹೇಳಲಾರೆ. ನಂಬರ್ ಸತತವಾಗಿ ನಿಲ್ಲೋವರೆಗೂ ಪ್ರತಿ ವಾರ ಬರಬೇಕು."

ಕೇಳಬೇಕೆಂದಿದ್ದ ಇನ್ನೊಂದು ಪ್ರಶ್ನೆ ಅಜ್ಜಿಯ ನಾಲಿಗೆಯ ತುದಿಗೆ ಬಂದಿತ್ತು. ಸೊಸೆ, ಮಗ, ನರ್ಸು ಎಲ್ಲರೂ ಸುತ್ತ ನಿಂತಿದ್ದರು. ಅವಳು ಅದನ್ನು ನುಂಗಿಕೊಂಡಳು.

ನಾಲ್ಕು ದಿನದ ಮೇಲೆ ಮೇಷ್ಟ್ರು ಮನೆಗೆ ಬಂದರು. ಆಮೇಲೆ ಎರಡು ದಿನ ಅಡುಗೆಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ಸೊಸೆ ಮುಖ ಗಂಟಿಕ್ಕಿಕೊಂಡು ಬೇಯಿಸಿದಳು, ಅಜ್ಜಿ ಮುಖ ತಗ್ಗಿಸಿಕೊಂಡು ತೊಳೆದಳು. ಮೂರನೆಯ ದಿನ ಸೊಸೆಯೇ ಸಿಡಿದಳು.

"ನಂಗೊಂದು ಮಾತು ಹೇಳಬಹುದಿತ್ತಲ್ವಾ ಅತ್ತೆ? ಬೆಳಿಗ್ಗೆ ಐದಕ್ಕೆ ಎದ್ದು ಬೇಯಿಸ್ತಿದ್ದೆ ನಾನು!"

"ಹೇಳಿದ್ರೆ ಕೇಳ್ತಿದ್ಯಾ? ಒಲೆ ಹತ್ರ ನಿಲ್ಲೋಕೇ ಬಿಡಲಿಲ್ಲ ನೀನು."

"ಜಗಳ ಆಡಬೇಕಿತ್ತು! ಯಾವಾಗ್ಲೂ ಆಡ್ತೀರಲ್ಲ! ಇದಕ್ಕೊಂದಕ್ಕೆ ಯಾಕೆ ಸುಮ್ಮನಾದ್ರಿ?"

"ಎದೆ ಸೀಳಿಸಿದ್ದು ನಾನೇ ಅಂದ ಮೇಲೆ ಯಾವ ಬಾಯಲ್ಲಿ ಜಗಳ ಆಡ್ಲಿ?"

ಸೊಸೆಯ ಕೈಯಲ್ಲಿದ್ದ ಸೌಟು ನಿಂತಿತು. ಅವಳು ಅಂದದ್ದು ಅವಳಿಗೇ ಮರೆತಿತ್ತು. ಈಗ ನೆನಪಾಗಿ ಮುಖ ಕೆಂಪಾಯಿತು. ಏನೋ ಹೇಳಹೊರಟಳು, ಅಷ್ಟರಲ್ಲಿ ಮುಂದಿನ ಕೋಣೆಯಿಂದ ಮೇಷ್ಟ್ರು ಒಂದು ತಕ್ಕಡಿ ಹಿಡಿದು ಬಂದು ಇಬ್ಬರ ನಡುವೆ ಕಟ್ಟೆಯ ಮೇಲಿಟ್ಟರು.

"ಈ ಮನೇಲಿ ಇಪ್ಪತ್ತು ತಕ್ಕಡಿ ಇವೆ. ನನ್ನ ತಟ್ಟೆ ಮಾತ್ರ ಕಣ್ಣಳತೆ. ಮಾರುಕಟ್ಟೇಲಿ ಗೊತ್ತಾದ್ರೆ ನಾಳೆಯಿಂದ ಯಾರೂ ನನ್ನ ಹತ್ರ ಬರಲ್ಲ. ನೂರು ಗ್ರಾಂ. ದಿನಾ. ಯಾರು ಬೇಯಿಸಿದ್ರೂ ಸರಿ."

"ಹಸೀದಾ, ಬೇಯಿಸಿದ್ದಾ?" ಎಂದಳು ಸೊಸೆ.

"ಹಸೀದು" ಎಂದಳು ಅಜ್ಜಿ. "ಬೆಂದ ಮೇಲೆ ಅದು ಎಲ್ಲಿರುತ್ತೆ, ಹಿಡಿಯಷ್ಟಾಗುತ್ತೆ."

"ಅದಕ್ಕೇ ಬೇಯಿಸಿದ್ದನ್ನ ತೂಗ್ಬೇಕು. ಹಸೀದ್ರಲ್ಲಿ ಒಂದು ದಿನ ದಂಟು ಜಾಸ್ತಿ, ಒಂದು ದಿನ ನೀರು ಜಾಸ್ತಿ."

ಅಜ್ಜಿ ತಕ್ಕಡಿಯನ್ನು ತನ್ನ ಕಡೆ ಎಳೆದುಕೊಂಡಳು. "ಅದೂ ಸರಿ. ಹಿಂಡಿ ತೂಗೋಣ."

ಅವತ್ತಿನಿಂದ ಅಡುಗೆಮನೆಗೆ ಇಬ್ಬರು ಯಜಮಾನಿಯರಾದರು, ಜಗಳವೂ ಇಮ್ಮಡಿಯಾಯಿತು. ಆದರೆ ಅದು ಬೇರೆ ಥರದ ಜಗಳ. ಬೆಳಿಗ್ಗೆ ಸೊಪ್ಪು ಬೇಯಿಸುವುದು ಸೊಸೆ. ತೂಗಿ ಬಡಿಸುವುದು ಅಜ್ಜಿ. ಉಳಿದ ಸೊಪ್ಪು ಎಲ್ಲರ ತಟ್ಟೆಗೆ. ಗಿಣಿ ಮುಖ ಹಿಂಡಿದರೆ "ತಿನ್ನೇ, ಪರೀಕ್ಷೆ ದಿನ ಮಾತ್ರ ಓದೋಳೇ, ನಿನ್ನಿಂದಲೇ ಇಷ್ಟೆಲ್ಲಾ ಆಗಿದ್ದು" ಎಂದು ಅಜ್ಜಿ ಗದರುವಳು. "ನಾನೇನ್ ಮಾಡ್ದೆ?" ಎಂದು ಗಿಣಿ ಮನೆಯೆಲ್ಲ ಕೇಳಿಕೊಂಡು ತಿರುಗುವಳು. ಸೊಪ್ಪಿನವಳಿಗೆ ಸೊಸೆ ಕೈಮುಗಿದು ಹೇಳಿದಳು, ದಿನಕ್ಕೆ ಒಂದೇ ಕಟ್ಟು ಸಾಕು, ಪ್ರೀತಿ ಜಾಸ್ತಿಯಾದರೆ ನಂಬರು ಇಳಿಯುತ್ತದೆ ಎಂದು. ಎಣ್ಣೆಯನ್ನು ಮಾತ್ರ ಸೊಸೆ ಚಮಚದಲ್ಲಿ ಅಳೆದೇ ಕೊಡುತ್ತಿದ್ದಳು. ಅಜ್ಜಿ ಆ ಎರಡು ಚಮಚಕ್ಕೆ ಬೆಳ್ಳುಳ್ಳಿ, ಈರುಳ್ಳಿ, ಮೆಣಸು ಹಾಕಿ ಏನೋ ಮಾಟ ಮಾಡಿದ್ದಕ್ಕೆ ಮೇಷ್ಟ್ರು ಒಂದು ದಿನ ತಟ್ಟೆಯನ್ನು ಬೆರಳಿನಿಂದ ಬಳಿದು ತಿಂದರು. ಸೊಸೆ ನೋಡಿಯೂ ನೋಡದವಳಂತೆ, "ನಾಳೇನೂ ಇದನ್ನೇ ಮಾಡಿ ಅತ್ತೆ" ಎಂದಳು.

ಮೊದಲ ವಾರ ನಂಬರು ಎರಡು ಪಾಯಿಂಟ್ ಒಂದು. ಡಾಕ್ಟರಮ್ಮ ಮಾತ್ರೆಯನ್ನು ಕಾಲುಭಾಗ ಏರಿಸಿದರು. ಆಮೇಲೆ ಎರಡು ಪಾಯಿಂಟ್ ಆರು. ಆಮೇಲೆ ಎರಡು ಪಾಯಿಂಟ್ ಎಂಟು. ಪ್ರತಿ ಬುಧವಾರ ಮಗ ಫೋನು ಮಾಡುವವರೆಗೆ ಅಜ್ಜಿ ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆಯುತ್ತಿದ್ದಳು, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು.

ನಾಲ್ಕನೆಯ ಬುಧವಾರ ಮಗನಿಗೆ ಬಿಡುವಿರಲಿಲ್ಲ. ಸೊಸೆ ರಜೆ ಹಾಕಿದಳು. ಹೊರಡುವಾಗ ನೋಡಿದರೆ ಅಜ್ಜಿ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬರ್ತೀನಿ."

"ನಿಮಗೆ ಆಸ್ಪತ್ರೆ ಅಂದ್ರೆ ಆಗಲ್ವಲ್ಲ ಅತ್ತೆ?"

"ಆಗಲ್ಲ. ಆದ್ರೂ ಬರ್ತೀನಿ."

ರಕ್ತ ಕೊಟ್ಟು ಒಂದು ಗಂಟೆ ಕಾದ ಮೇಲೆ ನರ್ಸು ಮೇಷ್ಟ್ರ ಹೆಸರು ಕೂಗಿದಳು. ಮೇಷ್ಟ್ರು, ಸೊಸೆ ಇಬ್ಬರೂ ಎದ್ದರು. ಅಜ್ಜಿ ಅವರಿಬ್ಬರ ಭುಜ ಹಿಡಿದು ಮತ್ತೆ ಬೆಂಚಿನ ಮೇಲೆ ಕೂರಿಸಿ, "ನಾನೊಬ್ಬಳೇ ಹೋಗ್ತೀನಿ, ಒಂದು ಮಾತು ಕೇಳೋದಿದೆ" ಎಂದು ಒಳಗೆ ನಡೆದುಬಿಟ್ಟಳು.

ಡಾಕ್ಟರಮ್ಮ ಕಾಗದ ತೋರಿಸಿದರು. "ಎರಡು ಪಾಯಿಂಟ್ ಏಳು. ಮೂರು ವಾರದಿಂದ ಸರಿಯಾದ ಜಾಗದಲ್ಲಿ ನಿಂತಿದೆ. ಈ ಸಲ ಏನೂ ಕಾಪಿ ಹೊಡೆದಿಲ್ಲ ತಾನೇ?"

"ಇಲ್ಲ." ಅಜ್ಜಿ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಡಾಕ್ಟರೇ, ಒಂದು ನಿಜ ಹೇಳಿ. ನಂಗೆ ಬೇಜಾರಾಗುತ್ತೆ ಅಂತ ಮುಚ್ಚಿಡಬೇಡಿ. ನಲವತ್ತೆರಡು ವರ್ಷ ಅವರಿಗೆ ಬಡಿಸಿದ್ದು ನಾನು. ಎಣ್ಣೆ ಕೈ ಬಿಚ್ಚಿ ಹಾಕ್ತಿದ್ದೆ. ಅವರ ಹೃದಯ ಕೆಟ್ಟಿದ್ದು ನನ್ನ ಅಡುಗೆಯಿಂದ್ಲಾ?"

ಡಾಕ್ಟರಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಹಳೆಯ ಫೈಲು ತೆಗೆದು ಮೊದಲ ಪುಟ ತಿರುಗಿಸಿದರು.

"ಅವರು ಚಿಕ್ಕ ಹುಡುಗ ಆಗಿದ್ದಾಗ, ಹತ್ತೋ ಹನ್ನೊಂದೋ ವಯಸ್ಸು, ಗಂಟಲು ನೋವು ಬಂದು ಜ್ವರ ಬಂದಿತ್ತು. ತಿಂಗಳುಗಟ್ಟಲೆ ಮಂಡಿ ಊದಿತ್ತು, ಶಾಲೆ ಬಿಡಿಸಿದ್ರು. ಅವರೇ ಹೇಳಿದ್ದು ಇಲ್ಲಿ ಬರೆದಿದೆ. ಆ ಜ್ವರ ಕೆಲವರಿಗೆ ಕವಾಟ ತಿಂದು ಹಾಕುತ್ತೆ. ಹಾಳಾಗೋಕೆ ಅವತ್ತೇ ಶುರುವಾಗಿ, ಗೊತ್ತಾಗೋಕೆ ಐವತ್ತು ವರ್ಷ ಹಿಡೀತು. ನಿಮ್ಮ ಎಣ್ಣೆಗೂ ಅದಕ್ಕೂ ಸಂಬಂಧ ಇಲ್ಲ. ಆಪರೇಷನ್ ದಿನ ನಿಮ್ಮ ಮಗನಿಗೂ ಹೇಳಿದ್ದೆ. ಎಣ್ಣೆ ಕಮ್ಮಿ ಇರ್ಲಿ, ಅದು ಬೇರೆ ವಿಷಯ, ಅದು ನಿಮ್ಮ ಎಲ್ಲರ ನಾಳಗಳಿಗೂ ಒಳ್ಳೇದು. ಆದ್ರೆ ಕವಾಟ ಕೆಡಿಸಿದ್ದು ನೀವಲ್ಲ ಅಮ್ಮ."

ಅಜ್ಜಿ ಕೈಮುಗಿದು ಹೊರಗೆ ಬಂದಳು. ಬೆಂಚಿನ ತನಕ ನಡೆದಳು. ಕೂತ ಮೇಲೆ ಅಳು ಬಂತು. ಆಪರೇಷನ್ ದಿನವೂ ಬಾರದ ಅಳು, ಕೈ ಮರಗಟ್ಟಿದ ದಿನವೂ ಬಾರದ ಅಳು, ಹತ್ತು ಜನರೆದುರು ಭುಜ ಅಲ್ಲಾಡಿಸಿಕೊಂಡು ಬಂತು.

ಮೇಷ್ಟ್ರ ಮುಖ ಬಿಳಿಚಿತು. "ಏನೇ? ನಂಬರ್ ಇಳಿದಿದೆಯಾ?"

"ನಂಬರ್ ಸರಿ ಇದೆ."

"ಮತ್ತೆ ಯಾಕೆ ಅಳ್ತೀಯಾ?"

"ನಿಮ್ಮ ಹೃದಯ ನಾನು ಬರೋಕ್ಕೆ ಮುಂಚೇನೇ ಕೆಟ್ಟಿತ್ತಂತೆ ಕಣ್ರೀ. ಹುಡುಗ ಆಗಿದ್ದಾಗ ಬಂದ ಜ್ವರದಿಂದ. ಗೊತ್ತಿದ್ದೂ ಯಾಕ್ರೀ ಹೇಳಲಿಲ್ಲ?"

"ಜ್ವರ ಬಂದಿತ್ತು ಅಂತ ಗೊತ್ತು. ಅದೇ ಕವಾಟ ಕೆಡಿಸ್ತು ಅಂತ ನಂಗ್ಯಾರು ಹೇಳಿದ್ರು? ನಿನ್ನ ಮಗನಿಗೆ ಹೇಳಿರಬೇಕು, ಅವನಿಗೆ ಆಗಲೂ ಯಾವುದೋ ಲಿಫ್ಟಿನ ಫೋನ್ ಬಂದಿರಬೇಕು."

ಸೊಸೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೆಂಚಿನಿಂದ ಇಳಿದು ಅತ್ತೆಯ ಮುಂದೆ ನೆಲದ ಮೇಲೇ ಕುಕ್ಕರಗಾಲಲ್ಲಿ ಕೂತಳು. "ಅತ್ತೆ, ಅವತ್ತು ನಾನಂದಿದ್ದು ತಪ್ಪು. ತುಂಬಾ ತಪ್ಪು. ಭಯ ಆಗಿತ್ತು ನಂಗೆ, ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ನನ್ನ ಕ್ಷಮಿಸಿ."

ಅಜ್ಜಿ ಅವಳ ಕೆನ್ನೆ ಮುಟ್ಟಿದಳು.

ಮೇಷ್ಟ್ರು ಇಬ್ಬರನ್ನೂ ನೋಡಿದರು. ಅವರಿಗೆ ಸಮಾಧಾನ ಮಾಡುವ ಮಾತು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಹೊಂದಿಸಿ ನೋಡುವುದೊಂದೇ. ತಲೆ ಓರೆ ಮಾಡಿ ಲೆಕ್ಕ ಹಾಕಿ ಹೇಳಿದರು:

"ಹಾಗಾದ್ರೆ ಕೆಟ್ಟ ಹೃದಯ ಇಟ್ಕೊಂಡೇ ನಲವತ್ತೆರಡು ವರ್ಷ ನಿನ್ನ ಕೈ ಊಟ ಮಾಡಿ, ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದೀನಿ. ಊಟ ಚೆನ್ನಾಗೇ ಇತ್ತು ಅಂತಾಯ್ತಲ್ಲೇ."